ನೀರು ಹಚ್ಚದ ರೊಟ್ಟಿ

ಅಮೃತಹಳ್ಳಿ
19 ನವೆಂಬರ್ 2025, ಬುಧವಾರ

ಪ್ರೀತಿಯ ಅವ್ವನಿಗೆ ಕೀರ್ತಿ ಮಾಡುವ ನಮಸ್ಕಾರ.

ಇದಾದ ಮೇಲೆ ‘ನಾನು ಇಲ್ಲಿ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ’ ಎಂದು ಬರೆಯಬೇಕು. ಪತ್ರಲೇಖನದ ಐದು ಅಂಕ ತಪ್ಪಬಾರದೆಂದು ನೀನೇ ನನಗೆ ಅದನ್ನು ಬಾಯಿಪಾಠ ಮಾಡಿಸಿದ್ದೆ. ಹೋದ ಗುರುವಾರ ಕುಬ್ರಾ ಆಂಟಿ ಫೋನ್ ಮಾಡಿದ್ದರು. ನಿನ್ನ ಎಡಗೈ ಮಣಿಕಟ್ಟು ಊದಿಕೊಂಡಿದೆಯಂತೆ. ಕೇಳಿದರೆ ಬಚ್ಚಲಲ್ಲಿ ಜಾರಿದೆ ಎಂದೆಯಂತೆ. ಅದಕ್ಕೇ ಆ ವಾಕ್ಯ ಬಿಟ್ಟಿದ್ದೇನೆ.

ಫೋನಿನಲ್ಲಿ ಇದನ್ನೆಲ್ಲ ಮಾತಾಡಲಾಗದು. ನಾನು ಕರೆ ಮಾಡಿದರೆ ಎತ್ತುವುದು ಅಪ್ಪ. ಸ್ಪೀಕರ್ ಒತ್ತಿ ಟೀವಿಯ ಪಕ್ಕದಲ್ಲಿಟ್ಟು ನಿನ್ನನ್ನು ಕರೆಯುತ್ತಾರೆ. ನಾನು ಊಟ ಆಯಿತೇ ಎನ್ನುತ್ತೇನೆ, ನೀನು ‘ಆತವಾ’ ಎನ್ನುತ್ತೀ. ನವೆಂಬರ್ ಒಂದರ ನಂತರ ಅದೂ ಇಲ್ಲ. ಆದ್ದರಿಂದ ಈ ಪತ್ರವನ್ನು ಆರ್.ಟಿ. ನಗರದ ಕುಬ್ರಾ ಆಂಟಿಯ ಹೊಲಿಗೆ ಅಂಗಡಿಯಲ್ಲಿ, ನೀನು ಫಾಲ್ಸ್ ಹಾಕಲು ಕೊಟ್ಟಿರುವ ನೀಲಿ ಇಳಕಲ್ ಸೀರೆಯ ಮಡಿಕೆಯೊಳಗೆ ಇಡುತ್ತೇನೆ. ಮಧ್ಯಾಹ್ನ ಅವರ ಯಜಮಾನರು ಅಕ್ಬರ್ ಪಾಷಾ ಅಂಕಲ್ ನಮಾಜಿಗೆ, ಊಟಕ್ಕೆ ಹೋಗಿರುತ್ತಾರೆ. ಅಂಗಡಿಯಲ್ಲಿ ಆಂಟಿ ಒಬ್ಬರೇ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಓದು. ನೀನು ನಿಧಾನವಾಗಿ ಓದುತ್ತೀ ಎಂದು ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಓದಿ, ಪತ್ರವನ್ನೂ ಸೀರೆಯನ್ನೂ ಅಲ್ಲೇ ಬಿಟ್ಟು ಹೋಗು. ಮನೆಗೆ ಒಯ್ಯಬೇಡ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಬೇಸರಪಡಬೇಡ. ನಾನು ಬಾಯಿಬಿಟ್ಟು ಹೇಳುವವಳಲ್ಲ, ಎದುರಿಗಿದ್ದರೆ ಮೂರನೆಯ ಮಾತಿಗೆ ಊಟ ಆಯಿತೇ ಎಂದುಬಿಡುತ್ತೇನೆ.

ಆಗಸ್ಟ್‌ನಲ್ಲಿ ಅಪ್ಪ ಮದುವೆಗೆಂದು ಬಾಗಲಕೋಟೆಗೆ ಹೋಗಿದ್ದ ಆ ಎರಡು ದಿನ ನೆನಪಿದೆಯಲ್ಲ? ಜಾಲಹಳ್ಳಿಯಿಂದ ನಿನ್ನನ್ನು ಇಲ್ಲಿಗೆ ಕರೆದುಕೊಂಡು ಬಂದಿದ್ದೆ. ನಾನು ಬಾಡಿಗೆಗಿರುವ ಮನೆಯ ಹಿಂದಿನ ಹಳೆಯ ದನದ ಕೊಟ್ಟಿಗೆಯಲ್ಲಿ ವೇದಾ ಅಕ್ಕ ಮಣ್ಣಿನ ಕೆಲಸ ಮಾಡುತ್ತಾರೆ, ನಾನು ಅವರ ಹತ್ತಿರ ಬರೆಯುವುದು, ಲೆಕ್ಕ ಇಡುವುದು, ಮಣ್ಣು ಮುಚ್ಚಿಡುವುದು ಎಲ್ಲ ಮಾಡುತ್ತೇನೆ ಎಂದು ನಿನಗೆ ಹೇಳಿದ್ದೆ. ಎಂ.ಎ. ಓದಿದವಳಿಗೆ ಇದೆಂಥ ಕೆಲಸ ಎಂದು ನೀನು ಕೇಳಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಟೀವಿಯ ಮೇಲೆ ಹೊದಿಸುವ ಕ್ರೋಷಾ ಬಟ್ಟೆಯ ಮುಂದೆ ನಿಂತೆ. ಮುಟ್ಟಿದೆ. ಅದು ಬಟ್ಟೆಯಲ್ಲ ಎಂದು ತಿಳಿದು ಕೈ ಹಿಂದಕ್ಕೆಳೆದುಕೊಂಡೆ. ದಾರದ ಹೆಣಿಗೆಯನ್ನು ಹಾಲಿನಂತೆ ಕಲಸಿದ ಬಿಳಿ ಮಣ್ಣಿನಲ್ಲಿ ಅದ್ದಿ ಭಟ್ಟಿಯಲ್ಲಿ ಸುಟ್ಟರೆ ದಾರ ಉರಿದುಹೋಗಿ ಮಣ್ಣಿನ ಹೆಣಿಗೆ ಮಾತ್ರ ಉಳಿಯುತ್ತದೆ ಎಂದು ವೇದಾ ಅಕ್ಕ ವಿವರಿಸಿದರು. ನೀನು ‘ಹೆಣೆದಾಕಿಗೆ ಹೇಳೇ ಸುಟ್ರ್ಯಾ?’ ಎಂದು ಕೇಳಿದೆ. ವೇದಾ ಅಕ್ಕ ನಕ್ಕರು. ‘ನಮ್ಮತ್ತೇದು ಆಂಟಿ. ಕೇಳ್ದೆ. ಸುಟ್ಟಾಕು, ಮೂವತ್ತ್ ವರ್ಷ ಧೂಳ್ ಹೊಡ್ದಿದೀನಿ ಅಂದ್ರು.’

ಅವರು ಕಾಲೇಜಿನಲ್ಲಿದ್ದಾಗ ಮೇಷ್ಟ್ರೊಬ್ಬರು ಅವರ ಕೆಲಸ ನೋಡಿ, ಇದು ಅಲಂಕಾರ ಕಣಮ್ಮ, ಶಿಲ್ಪ ಅಲ್ಲ, ತಗೊಂಡ್ಹೋಗಿ ಷೋಕೇಸಲ್ಲಿಡು ಎಂದಿದ್ದರಂತೆ. ಅದಕ್ಕೇ ಯಲಹಂಕದಲ್ಲಿ ಇಡಲಿದ್ದ ಪ್ರದರ್ಶನಕ್ಕೆ ತಮ್ಮ ಅಜ್ಜಿ ಸೊಣ್ಣಮ್ಮನವರ ತೇಗದ ಷೋಕೇಸನ್ನೇ ತೊಳೆದು ಇಟ್ಟುಕೊಂಡಿದ್ದರು. ಹೆಂಗಸರು ಮನೆಯಲ್ಲಿ ಮಾಡಿ, ಹಳಸಿ, ಹರಿದು, ತಿಂದು ಮುಗಿದುಹೋಗುವುದನ್ನೆಲ್ಲ ಮಣ್ಣಿನಲ್ಲಿ ಮಾಡಿ ಅದರೊಳಗೆ ಜೋಡಿಸುವುದು. ಕೆಳಗಿನ ಅರೆಗೆ ರೊಟ್ಟಿ ಬೇಕಿತ್ತು. ಮೂವತ್ತು ರೊಟ್ಟಿ, ಒಂದೊಂದರ ಮೇಲೂ ತಟ್ಟಿದವಳ ಬೆರಳ ಗುರುತು. ವೇದಾ ಅಕ್ಕ ತಾವೇ ತಟ್ಟಲು ನೋಡಿದರು. ಹಪ್ಪಳವೂ ಆಗಲಿಲ್ಲ, ಇಡ್ಲಿಯೂ ಆಗಲಿಲ್ಲ. ಆಗ ನಾನೇ ಹೇಳಿದೆ, ನಮ್ಮವ್ವ ಇದ್ದಾಳೆ ಎಂದು.

ನೀನು ಸೆರಗು ಸಿಕ್ಕಿಸಿ ಕೂತ ಕೂಡಲೇ ಕೇಳಿದ್ದು ಒಣ ಹಿಟ್ಟು. ಮಣ್ಣಿಗೆ ಬೇಡ ಎಂದರೆ ಕೇಳಲಿಲ್ಲ, ‘ಹಿಟ್ಟಿಲ್ಲದ ಕೈ ಓಡೂದಿಲ್ಲ’ ಎಂದೆ. ಸೊಣ್ಣಮ್ಮನವರು ಬಾಗಿಲಲ್ಲಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು.

‘ಏನವ್ವಾ, ಮಣ್ಣಾಗ್ ರೊಟ್ಟಿ ತಟ್ತೀಯಾ, ಒಟ್ಟೆಗೇನ್ ಆಕ್ಕೊಂತೀಯ?’

‘ಇದನ್ನ ತಿಂದ್ರ ಮತ್ತ ಹಸಿವೇ ಆಗೂದಿಲ್ರೀ ಅಮ್ಮಾ.’

‘ನಮ್ದು ಮುದ್ದೆ ಕಣವ್ವ. ಒಂದ್ ಕೋಲು, ನಾಕ್ ತಿರುವು, ಆಯ್ತು. ನಿಮ್ ಕಡೆ ಎಣ್ ನೋಡಾಕ್ ಬಂದೋರು ರೊಟ್ಟಿ ತಟ್ಟುಸ್ತಾರಂತೆ, ಔದಾ?’

‘ಹೌದ್ರೀ. ನನ್ನ ಕಡೆ ಹದಿನಾರು ತಟ್ಟಿಸಿದ್ರು. ಅವರಿಗೇನ್ ಬರತೈತಿ ಅಂತ ನಾವು ಕೇಳಲಿಲ್ಲ ನೋಡ್ರಿ, ಅದ ತಪ್ಪಾತು.’

ಸೊಣ್ಣಮ್ಮನವರು ನಕ್ಕು ನಕ್ಕು ಕೆಮ್ಮಿದರು. ನೀನೂ ನಕ್ಕೆ. ಅಪ್ಪನ ಬಗ್ಗೆ ನೀನು ಪರರ ಮುಂದೆ ತಮಾಷೆ ಮಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಿನ್ನ ಅಂಗೈ ಓಡುತ್ತಿತ್ತು, ಮಣ್ಣು ಮಣೆಯ ಮೇಲೆ ತನ್ನಷ್ಟಕ್ಕೆ ತಿರುಗುತ್ತಿತ್ತು, ಆ ಸಪ್ಪಳಕ್ಕೆ ನನಗೆ ಶಾಲೆಗೆ ಹೊತ್ತಾಯಿತೇನೋ ಅನ್ನಿಸಿತು. ಮೂವತ್ತೂ ಒಂದೇ ಅಳತೆ.

ಆಮೇಲೆ ನೀನು ಬಟ್ಟೆಯ ಚೂರನ್ನು ನೀರಿನಲ್ಲಿ ಅದ್ದಿ ಒಂದೊಂದನ್ನೇ ಒರೆಸತೊಡಗಿದೆ. ವೇದಾ ಅಕ್ಕ ಚಹಾ ತರಲು ಹೋದವರು ಬಂದು ನೋಡುವಷ್ಟರಲ್ಲಿ ಎಲ್ಲವೂ ನುಣ್ಣಗಾಗಿದ್ದವು.

‘ಅಯ್ಯೋ ಆಂಟಿ! ಬೆರಳ ಗುರ್ತೇ ಅಲ್ವಾ ನಂಗ್ ಬೇಕಿದ್ದಿದ್ದು!’

‘ಚಟ ನೋಡವಾ, ನೀರ ಹಚ್ಚಲಿಲ್ಲಂದ್ರ ರೊಟ್ಟಿ ಬಿರಿತೈತಿ’ ಎಂದೆ ನೀನು. ‘ಅಭ್ಯಾಸ ಬಲ ಕಣಮ್ಮ ಪಾಪ’ ಎಂದು ಸೊಣ್ಣಮ್ಮನವರು ನಿನ್ನ ಪರವಾಗಿ ಹೇಳಿದರು. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಇಪ್ಪತ್ತನಾಲ್ಕು ವರ್ಷ ನಿನ್ನ ರೊಟ್ಟಿ ತಿಂದವಳು ನಾನು. ನೀನು ನೀರು ಹಚ್ಚುವುದು ರೊಟ್ಟಿ ಹಂಚಿನ ಮೇಲೆ ಬಿದ್ದ ಮೇಲೆ. ಮಣೆಯ ಮೇಲಿರುವ ರೊಟ್ಟಿಗೆ ನೀನು ಒಂದು ದಿನವೂ ನೀರು ಹಚ್ಚಿಲ್ಲ. ಹಚ್ಚಿದರೆ ಅದು ಮಣೆಗೆ ಅಂಟಿ ಮೇಲೇಳುವುದೇ ಇಲ್ಲ. ಸೊಣ್ಣಮ್ಮನವರು ಮುದ್ದೆಯ ಜನ, ವೇದಾ ಅಕ್ಕನಿಗೆ ಗ್ಯಾಸ್ ಹಚ್ಚಲೂ ಬೇಸರ. ನೀನು ಮಾಡಿದ್ದು ಚಟವಲ್ಲ ಎಂದು ಆ ಕೊಟ್ಟಿಗೆಯಲ್ಲಿ ತಿಳಿಯಬಹುದಾಗಿದ್ದುದು ನನಗೊಬ್ಬಳಿಗೇ.

ನಿನ್ನನ್ನು ಬಸ್ಸು ಹತ್ತಿಸಿ ಬಂದು ಮಣ್ಣು ಮುಚ್ಚಿಡುವಾಗ ಒದ್ದೆ ಗೋಣಿಯ ಕೆಳಗೆ ಒಂದು ರೊಟ್ಟಿ ಸಿಕ್ಕಿತು. ನೀನು ಮೊದಲು ತಟ್ಟಿದ್ದು. ವೇದಾ ಅಕ್ಕ ಒಣಗಬಾರದೆಂದು ಮುಚ್ಚಿಟ್ಟು ಮರೆತಿದ್ದರು, ನಿನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ಮೇಲೆ ನಿನ್ನ ಬೆರಳುಗಳೆಲ್ಲ ಇದ್ದವು. ಬಲಗೈಯ ಉಂಗುರಬೆರಳು ಮಾತ್ರ ಚಪ್ಪಟೆಯಾಗಿ ಬಿದ್ದಿರಲಿಲ್ಲ. ಅದು ನೆಟ್ಟಗಾಗುವುದಿಲ್ಲವಲ್ಲ, ಅದರ ಉಗುರು ಪ್ರತಿ ಸಲವೂ ಮಣ್ಣಿಗೆ ತಾಗಿ ರೊಟ್ಟಿಯ ಅಂಚಿನ ಸುತ್ತ ಪುಟ್ಟ ಪುಟ್ಟ ಅರ್ಧಚಂದ್ರಗಳನ್ನು ಬಿಟ್ಟಿತ್ತು. ನೋಡಿದರೆ ಯಾರೋ ಕೂತು ಬಿಡಿಸಿದಂತೆ, ಒಂದೇ ಅಂತರದಲ್ಲಿ. ನೀನು ಒರೆಸಿ ಹಾಕಿದ್ದು ಇದನ್ನು.

ಅಪ್ಪನ ತಪ್ಪನ್ನು ಮುಚ್ಚುತ್ತಿದ್ದೀ ಎಂದು ನನಗೆ ಸಿಟ್ಟು ಬಂತು. ಹದಿನೇಳು ವರ್ಷವಾದರೂ, ಅವರು ಊರಲ್ಲೇ ಇಲ್ಲದಾಗ, ಮಣ್ಣಿನ ಮೇಲೆ ಕೂಡ. ಆ ಸಿಟ್ಟಿನಲ್ಲೇ ಅದನ್ನು ವೇದಾ ಅಕ್ಕನ ಕೈಗೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ‘ಎಷ್ಟ್ ಚೆನ್ನಾಗಿದೆ ಕೀರ್ತಿ ಈ ಬಾರ್ಡರ್ರು! ಏನಿದು?’ ಎಂದರು. ಹೇಳಿಬಿಟ್ಟೆ. ನನ್ನ ಬಾಯಿಂದ ಆ ಮಾತು ಹೊರಬಿದ್ದದ್ದು ಅದೇ ಮೊದಲು.

ಏನು ಹೇಳಿದೆ ಎಂದು ನಿನಗೆ ತಿಳಿಯಬೇಕು. ಕ್ವಾರ್ಟರ್ಸ್‌ನಲ್ಲಿದ್ದಾಗ ಪಕ್ಕದ ಮನೆಯ ಕುಬ್ರಾ ಆಂಟಿ ಹೆಂಗಸರಿಗೆ ಮಡಕೆಗೆ ಬಣ್ಣ ಹಚ್ಚುವ ಕ್ಲಾಸು ನಡೆಸುತ್ತಿದ್ದರು, ನೀನು ಅಪ್ಪ ಫ್ಯಾಕ್ಟರಿಗೆ ಹೋದ ಮೇಲೆ ಅಲ್ಲಿಗೆ ಹೋಗುತ್ತಿದ್ದೆ ಎಂದೆ. ಪೈಪು ಸೋರಿದರೆ ಹಚ್ಚುವ ಎಂ-ಸೀಲ್‌ನಿಂದ ನೀನು ಹೂವು ಮಾಡಿ ಮಡಕೆಗೆ ಅಂಟಿಸುತ್ತಿದ್ದೆ, ಎರಡು ಮಡಕೆಗಳನ್ನು ಟ್ರೆಜರಿ ಬೀರುವಿನಲ್ಲಿ ಸೀರೆಗಳ ಹಿಂದೆ ಮುಚ್ಚಿಟ್ಟಿದ್ದೆ ಎಂದೆ. ಅಪ್ಪನಿಗೆ ಅದು ಹೇಗೋ ತಿಳಿಯಿತು. ಒಂದನ್ನು ಅಂಗಳಕ್ಕೆ ಎಸೆದರು. ಇನ್ನೊಂದನ್ನು ಹಿಡಿದುಕೊಳ್ಳಲು ನೀನು ಕೈ ಒಳಗೆ ಹಾಕಿದಾಗ ಬಾಗಿಲು ಹಾಕಿದರು. ಕೈ ಸಿಕ್ಕಿದ್ದು ಕಾಣದೆ ಹಾಕಿರಬಹುದು. ಆದರೆ ಆಮೇಲೆ ಭುಜ ಕೊಟ್ಟು ಒತ್ತಿದರು. ನಾನು ಹೊಸ್ತಿಲಲ್ಲಿ ಮಗ್ಗಿ ಬರೆಯುತ್ತಿದ್ದೆ, ನೋಡಿದೆ. ಡಾಕ್ಟರಿಗೆ, ಅಜ್ಜಿಗೆ, ನನ್ನ ಟೀಚರಿಗೆ, ಎಲ್ಲರಿಗೂ ನಾವು ಹೇಳಿದ್ದು ಒಂದೇ: ಗಾಳಿಗೆ ಟ್ರೆಜರಿ ಬಾಗಿಲು ಬಡಿಯಿತು.

ಆ ರೊಟ್ಟಿಯ ಪಕ್ಕದಲ್ಲಿ ಹಾಕಲು ನಾಲ್ಕು ಸಾಲು ಬರಿ ಎಂದರು ವೇದಾ ಅಕ್ಕ. ನಾನು ಎರಡು ಬಗೆಯಲ್ಲಿ ಬರೆದೆ. ಒಂದರಲ್ಲಿ ಗಾಳಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ‘ಇದು ನಂದಲ್ಲ ಕಣೇ, ನಿಮ್ಮಮ್ಮಂದು. ಅವ್ರನ್ ಕೇಳಿ ಹಾಕು’ ಎಂದರು. ಕೇಳಿದೆ ಎಂದು ಅವರಿಗೆ ಸುಳ್ಳು ಹೇಳಿದೆ. ಆ ತಪ್ಪು ವೇದಾ ಅಕ್ಕನದಲ್ಲ, ನನ್ನದು. ಪ್ರದರ್ಶನಕ್ಕೆ ನೀನು ಹೇಗೂ ಬರುವುದಿಲ್ಲ, ಅಪ್ಪ ಬಿಡುವುದಿಲ್ಲ ಎಂದು ಧೈರ್ಯ ಮಾಡಿದೆ. ಕರೆಯೋಲೆಯಲ್ಲಿ ‘ರೊಟ್ಟಿ: ಗಂಗಾದೇವಿ’ ಎಂದು ನಿನ್ನ ಹೆಸರು ಅಚ್ಚಾಗಿದ್ದು, ಅದು ಯಾರದೋ ವಾಟ್ಸಾಪಿನಿಂದ ಅಪ್ಪನ ಸೆಕ್ಷನ್ನಿನ ರಘುನಾಥ್ ಅಂಕಲ್‌ಗೆ ತಲುಪಿ, ಅವರು ಅಪ್ಪನಿಗೆ ಅಭಿನಂದನೆ ಹೇಳಿದ್ದು, ಅಪ್ಪ ಹಿಗ್ಗಿದ್ದು, ಇದೊಂದೂ ನನ್ನ ಎಣಿಕೆಯಲ್ಲಿರಲಿಲ್ಲ.

ರಾಜ್ಯೋತ್ಸವದ ರಜೆ. ಯಲಹಂಕದ ಆ ಸಣ್ಣ ಗ್ಯಾಲರಿಯೊಳಗೆ ನೀನು ಬಂದಾಗ ನಾನು ಕುರ್ಚಿ ಜೋಡಿಸುತ್ತಿದ್ದೆ. ನೀನು ಆ ನೀಲಿ ಇಳಕಲ್ ಉಟ್ಟಿದ್ದೆ, ಫಾಲ್ಸ್ ಬಿಟ್ಟುಹೋಗಿ ಕಾಲಿಗೆ ತೊಡರುತ್ತಿತ್ತು. ಓಡಿಹೋಗಿ ಆ ಬರಹವನ್ನು ಕಿತ್ತು ಹಾಕಬಹುದಿತ್ತು. ಹತ್ತು ಹೆಜ್ಜೆ. ನಾನು ಕುರ್ಚಿ ಹಿಡಿದುಕೊಂಡೇ ನಿಂತಿದ್ದೆ.

‘ಏನ್ ಶೇಖರಪ್ಪನೋರೆ, ಮನೇಲ್ ಇಷ್ಟ್ ದೊಡ್ಡ್ ಕಲಾವಿದೆನ ಇಟ್ಕೊಂಡು ಒಂದಿನಾನೂ ಹೇಳ್ಲಿಲ್ವಲ್ರೀ!’ ರಘುನಾಥ್ ಅಂಕಲ್ ದನಿ ಬಾಗಿಲಿನವರೆಗೂ ಕೇಳುತ್ತಿತ್ತು.

‘ನಮ್ಮನಿಯಾಕಿ ರೊಟ್ಟಿ ತಿಂದ ನೋಡ್ರಿ ನಾ ಇಷ್ಟ್ ಗಟ್ಟಿ ಇರೂದು’ ಎಂದರು ಅಪ್ಪ. ಅವರ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು ಅವ್ವಾ. ನಿನ್ನ ಬೆನ್ನಿಗೆ ಕೈ ಇಟ್ಟು ಮುಂದಕ್ಕೆ ಕರೆತಂದರು. ಅದನ್ನೂ ನಾನು ನೋಡಿದೆ, ಬರೆಯದೆ ಬಿಡಲಾರೆ.

ರಘುನಾಥ್ ಅಂಕಲ್ ಕನ್ನಡಕ ಏರಿಸಿ, ನೋಟೀಸ್ ಬೋರ್ಡಿನಲ್ಲಿರುವುದನ್ನು ಹತ್ತು ಜನಕ್ಕೆ ಓದಿ ಹೇಳುವವರಂತೆ ಗಟ್ಟಿಯಾಗಿ ಓದಿದರು:

‘ಈ ರೊಟ್ಟಿಯ ಅಂಚಿನ ಅರ್ಧಚಂದ್ರಗಳು ಅಲಂಕಾರಕ್ಕೆ ಬಿಡಿಸಿದವಲ್ಲ. ಇದನ್ನು ತಟ್ಟಿದವಳ ಬೆರಳು ಹದಿನೇಳು ವರ್ಷಗಳಿಂದ ನೆಟ್ಟಗಾಗಿಲ್ಲ. ಗಾಳಿಗೆ ಬಾಗಿಲು ಬಡಿದು ಹೀಗಾಯಿತು ಎಂದು ಮನೆಯವರೆಲ್ಲ ಹೇಳುತ್ತೇವೆ. ಆ ದಿನ ಗಾಳಿ ಇರಲಿಲ್ಲ.’

ಕೊನೆಯ ವಾಕ್ಯಕ್ಕೆ ಬರುವಾಗ ಅವರ ದನಿ ಇಳಿದಿತ್ತು. ಅಪ್ಪ ಜೇಬಿನಲ್ಲಿದ್ದ ಪೆನ್ನನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ನೀನು ಗೋಡೆಯ ಹತ್ತಿರ ಹೋಗಿ ಒಂದೊಂದೇ ಅಕ್ಷರವನ್ನು ತುಟಿ ಅಲುಗಿಸುತ್ತ ಮತ್ತೊಮ್ಮೆ ಓದಿದೆ. ಕೈಯನ್ನು ಸೆರಗಿನೊಳಗೆ ತೆಗೆದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ, ಅಲ್ಲಿದ್ದವರೆಲ್ಲರಿಗೂ ಕೇಳುವಂತೆ ಹೇಳಿದೆ:

‘ಗಾಳಿ ಇತ್ತವಾ. ನೀ ಸಣ್ಣಾಕಿದ್ದಿ. ನಿನಗ ನೆನಪಿಲ್ಲ.’

‘ನಡಿ, ಬಸ್ಸಿಗೆ ಹೊತ್ತಾತು’ ಎಂದರು ಅಪ್ಪ. ನೀವು ಬಂದದ್ದು ರಘುನಾಥ್ ಅಂಕಲ್ ಕಾರಿನಲ್ಲಿ. ಯಾರೂ ತಿದ್ದಲಿಲ್ಲ.

ಬರಹವನ್ನು ಅಂದೇ ಸಂಜೆ ತೆಗೆದೆ. ರೊಟ್ಟಿಯನ್ನು ಒಡೆದು ಹಾಕು ಎಂದು ಕುಬ್ರಾ ಆಂಟಿಯ ಕೈಯಲ್ಲಿ ಹೇಳಿ ಕಳಿಸಿದ್ದೀ. ಪ್ರದರ್ಶನ ಭಾನುವಾರ ಮುಗಿಯಿತು. ಉಳಿದ ಇಪ್ಪತ್ತೊಂಬತ್ತನ್ನು ಯಾರೋ ಕೊಳ್ಳುತ್ತಾರಂತೆ. ಇದನ್ನು ವೇದಾ ಅಕ್ಕ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. ಕೇಳದೆ ಹಾಕಿದ್ದಕ್ಕೆ ಅವರು ನನ್ನೊಡನೆ ಮೂರು ದಿನ ಮಾತಾಡಿರಲಿಲ್ಲ, ಅದು ಸರಿಯೇ. ಈಗ ಅದು ನನ್ನ ಕಿಟಕಿಯಲ್ಲಿದೆ. ಎರಡು ಸಲ ಎತ್ತಿದೆ, ಒಡೆಯಲು ಆಗಲಿಲ್ಲ. ಒಡೆಯಬೇಕಾದವಳು ನೀನು. ಬಂದು ಒಡೆ.

ಅದನ್ನೇ ಕೇಳಲು ಇಷ್ಟು ಉದ್ದ ಬರೆದೆ. ನಿನ್ನ ಮಣಿಕಟ್ಟಿಗೆ ಕಾರಣ ನಾನು ಗೋಡೆಗೆ ಹಚ್ಚಿದ ನಾಲ್ಕು ಸಾಲು. ಬಚ್ಚಲು ಎಂದು ನನಗೆ ಹೇಳಬೇಡ. ಎಕ್ಸ್‌ರೇ ತೆಗೆಸಿಲ್ಲ ಎಂದು ಆಂಟಿ ಹೇಳಿದರು. ಶುಕ್ರವಾರ ಅಪ್ಪನಿಗೆ ಮೊದಲ ಶಿಫ್ಟು. ಸೀರೆ ತರಲು ಹೋಗುತ್ತೇನೆ ಎಂದು ಹೊರಡು. ಆಂಟಿ ನಿನ್ನನ್ನು ಆಟೋ ಹತ್ತಿಸುತ್ತಾರೆ, ನಾನು ಹೆಬ್ಬಾಳದಲ್ಲಿ ಫ್ಲೈಓವರ್ ಕೆಳಗಿನ ಬಸ್‌ಸ್ಟಾಪಿನಲ್ಲಿ ಬೆಳಿಗ್ಗೆ ಹತ್ತರಿಂದ ನಿಂತಿರುತ್ತೇನೆ. ಮೊದಲು ಆಸ್ಪತ್ರೆ. ಆಮೇಲೆ ನನ್ನ ಕೋಣೆ. ಚಿಕ್ಕದು, ಆದರೆ ಇಬ್ಬರು ಮಲಗಬಹುದು. ಸೊಣ್ಣಮ್ಮನವರಿಗೆ ನಾನು ಏನೂ ಹೇಳಿರಲಿಲ್ಲ, ಅವರಿಗೇ ಗೊತ್ತಾಗಿದೆ. ‘ಕರ್ಕೊಂಬಾರವ್ವ ಅವಳ್ನ. ಇಲ್ಲೀಗಂಟ ಯಾವನ್ ಬತ್ತಾನೋ ನಾನೂ ನೋಡ್ತೀನಿ’ ಎಂದರು. ನೀನು ಒಂದು ವಾರಕ್ಕೆ ಬಾ, ಒಂದು ದಿನಕ್ಕೆ ಬಾ. ಬಾರದಿದ್ದರೂ ನಾನು ಪ್ರತಿ ಶುಕ್ರವಾರ ಹತ್ತಕ್ಕೆ ಅಲ್ಲಿ ನಿಲ್ಲುತ್ತೇನೆ. ನಿಲ್ಲುವುದೊಂದು ನನಗೆ ಚೆನ್ನಾಗಿ ಬರುತ್ತದೆ.

ಎಡಗೈಗೆ ಭಾರ ಹಾಕಬೇಡ. ಹಿಟ್ಟು ಬಲಗೈಯಲ್ಲೇ ನಾದು. ಇಲ್ಲ, ನಾದಲೇಬೇಡ.

ನಿನ್ನ ಮಗಳು,
ಕೀರ್ತಿ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ಅಪ್ಪನಿಗೆ ಹೇಗೋ ತಿಳಿಯಿತು ಎಂದು ಮೇಲೆ ಬರೆದಿದ್ದೇನೆ. ವೇದಾ ಅಕ್ಕನಿಗೂ ಹಾಗೆಯೇ ಹೇಳಿದ್ದೆ. ತಿಳಿಸಿದವಳು ನಾನು. ಅಂದು ಅಪ್ಪ ಖುಷಿಯಲ್ಲಿದ್ದರು, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ‘ನಮ್ಮವ್ವ ಗಡಿಗಿ ಮ್ಯಾಲ ಖರೇ ಹೂವಿನಂಥಾ ಹೂವು ಮಾಡತಾಳ’ ಎಂದೆ. ಎಲ್ಲಿ ಎಂದರು, ಕುಬ್ರಾ ಆಂಟಿ ಮನೆಯಲ್ಲಿ ಎಂದೆ. ತೋರಿಸು ಎಂದರು. ಟ್ರೆಜರಿಯ ಕಡೆ ಬೆರಳು ಮಾಡಿ ತೋರಿಸಿದೆ. ಹೊಸ್ತಿಲಿಗೆ ಹೋಗಿ ಮಗ್ಗಿ ಬರೆಯಲು ಕೂತದ್ದು ಆಮೇಲೆ. ಗೋಡೆಗೆಂದು ಬರೆದ ಮೊದಲ ಕರಡಿನಲ್ಲಿ ಇದೂ ಇತ್ತು. ಹೊಡೆದು ಹಾಕಿದೆ.

ಮೊನ್ನೆ ಕುಬ್ರಾ ಆಂಟಿಯನ್ನು ಕೇಳಿದೆ, ಅವ್ವ ಈಗಲೂ ಯಾಕೆ ಗಾಳಿ ಇತ್ತು ಅನ್ನುತ್ತಾಳೆ, ಅಪ್ಪನನ್ನು ಉಳಿಸುವುದಕ್ಕಾ ಎಂದು. ಅವರು ಮಶೀನು ನಿಲ್ಲಿಸಲಿಲ್ಲ. ‘ನಿಮ್ಮಪ್ಪನ್ನ ಉಳ್ಸೋಕಾ? ಪಾಗಲ್. ಆವಾಗ ನೀನು ಎರಡ್ ತಿಂಗ್ಳು ಬಾಯೇ ಬಿಡ್ಲಿಲ್ಲ ಬೇಟಾ. ಗಾಳಿ ಗಾಳಿ ಅಂತಿದ್ರೆ ಮಗು ತಾನ್ ಹೇಳಿದ್ದನ್ನ ಮರೀತದೆ ಅಂತ ನಿಮ್ಮಮ್ಮ ನನ್ ಬಾಯಲ್ಲೂ ಅದೇ ಹೇಳ್ಸಿದ್ಲು’ ಎಂದರು.

ಆ ಇಪ್ಪತ್ತೊಂಬತ್ತನ್ನು ನೀನು ಯಾರಿಗೆ ಕಾಣಬಾರದೆಂದು ಒರೆಸಿದೆ ಎಂದು ನನಗೆ ಈಗ ತಿಳಿಯಿತು.

ನಾನು ಮರೆತಿಲ್ಲ ಅವ್ವಾ, ಒಂದು ದಿನವೂ ಮರೆತಿಲ್ಲ. ಇನ್ನು ನನಗಾಗಿ ಗಾಳಿ ಇತ್ತು ಅನ್ನಬೇಡ. ಶುಕ್ರವಾರ ಬಾ.